ಚಿನ್ಮಯಿಯ ದೃಷ್ಟಿಬೊಟ್ಟು

ದಿಲ್ಲಿಯ ಕಿದ್ವಾಯಿ ನಗರದ ಕನ್ನಡದ ಮನೆಗಳಲ್ಲಿ ಮಕ್ಕಳ ಫೋಟೊ ಅಂದರೆ ರತ್ನಾ ಅನ್ನುವ ಹಾಗಾಗಿತ್ತು. ಹಾಗಂತ ದೊಡ್ಡ ಫೋಟೊಗ್ರಾಫರ್ ಏನಲ್ಲ ಬಿಡಿ. ಗಂಡ ಆಫೀಸಿಗೆ ಹೋದಮೇಲೆ ಸುಮ್ಮನೆ ಕೂರಲಾರದೆ ಯೂಟ್ಯೂಬ್ ನೋಡಿ ಕಲಿತ ವಿದ್ಯೆ. ಕರೋಲ್ ಬಾಗಿನಲ್ಲಿ ಕೊಂಡ ಹಳೇ ಕ್ಯಾಮೆರಾ, ಒಂದೇ ಲೆನ್ಸು, ಒಂದೇ ಮೆಮೊರಿ ಕಾರ್ಡು. ಸ್ಟುಡಿಯೊ ಅಂದರೆ ಕ್ವಾರ್ಟರ್ಸಿನ ಹಾಲಿನ ಕಿಟಕಿ, ಹಗ್ಗಕ್ಕೆ ಹಾಕಿದ ಬಿಳಿ ಬೆಡ್‌ಶೀಟು. ಕಾರ್ಡು ತುಂಬಿದರೆ ಹಳೆಯದನ್ನೆಲ್ಲ ಅಳಿಸಿ ಹೊಸದು ತೆಗೆಯುವುದು. ಆದರೂ ಎಂಥ ಹಟಮಾರಿ ಮಗುವೂ ಅವಳ ಮುಂದೆ ನಗುತ್ತಿತ್ತು, ಅದೊಂದು ಕೈಗುಣ.

ಮೇಲಿನ ಮನೆಯ ಶ್ರೀಲಕ್ಷ್ಮಿ ತನ್ನ ಮಗಳು ಚಿನ್ಮಯಿಯನ್ನು ಕರೆತಂದದ್ದು ಆ ಮಗುವಿನ ಐದನೇ ಹುಟ್ಟುಹಬ್ಬದ ದಿನ. ರೇಷ್ಮೆ ಲಂಗ ಸರಿಮಾಡಿ, ತನ್ನ ಕಣ್ಣಿನ ಕಾಡಿಗೆಯನ್ನೇ ಬೆರಳತುದಿಗೆ ತೆಗೆದು ಮಗಳ ಕೆನ್ನೆಗೊಂದು ದೃಷ್ಟಿಬೊಟ್ಟು ಇಟ್ಟಳು.

"ನೀವು ಸ್ವಲ್ಪ ಆಚೆ ನಿಂತ್ಕೊಳ್ಳಿ, ನಿಮ್ಮ ನೆರಳು ಬೀಳ್ತಿದೆ," ಅಂದಳು ರತ್ನಾ. ಪಾಪ, ಆಕೆ ಬಾಗಿಲ ತನಕ ಸರಿದು ನಿಂತಳು.

ಒಂದು ಫೋಟೊ ಬಹಳ ಚೆನ್ನಾಗಿ ಬಂತು. ಹೊಸಬರ ಹುರುಪು ಇದೆಯಲ್ಲ, ಅದಕ್ಕೊಂದು ಮೂಗುದಾರ ಬೇಕು. ಇದ್ದದ್ದನ್ನು ಇದ್ದ ಹಾಗೆ ಬಿಡಲು ಕೈ ಬರೋದಿಲ್ಲ. ಫೋಟೊದಲ್ಲಿ ಮುಖದ ಕಲೆ ತೆಗೆಯುವುದನ್ನು ರತ್ನಾ ಆಗಷ್ಟೇ ಫೋನಿನಲ್ಲಿ ಕಲಿತಿದ್ದಳು. ಸೊಳ್ಳೆ ಕಚ್ಚಿದ ಗುರುತು ಹೋಯಿತು, ಮೂಗಿನ ಮೇಲಿನ ಗೀರು ಹೋಯಿತು, ಅದೇ ಭರದಲ್ಲಿ ಬೊಟ್ಟೂ ಹೋಯಿತು. ಪ್ರಿಂಟ್ ಹಾಕಿಸಿ ಕೊಟ್ಟಾಗ ಶ್ರೀಲಕ್ಷ್ಮಿ, "ಅಯ್ಯೋ, ಬೊಟ್ಟು ಎಲ್ಲಿ ಹೋಯ್ತು ರತ್ನಾ?" ಅಂತ ನಕ್ಕಳು, ಅಷ್ಟೆ.

ಮಳೆಗಾಲ ಮುಗಿಯುವ ಹೊತ್ತಿಗೆ ಡೆಂಗ್ಯೂ ಬಂದು ಶ್ರೀಲಕ್ಷ್ಮಿ ಹೋಗಿಬಿಟ್ಟಳು. ಓಡಾಡಿಕೊಂಡಿದ್ದ ಗಟ್ಟಿ ಹೆಂಗಸು, ವಾರವೂ ಹಿಡಿಯಲಿಲ್ಲ.

ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ಚಿನ್ಮಯಿ ಒಬ್ಬಳೇ ಇಳಿದು ಬಂದಳು. ಒಂದು ಕೈಯಲ್ಲಿ ಆ ಫೋಟೊ, ಇನ್ನೊಂದರಲ್ಲಿ ಕಪ್ಪು ಸ್ಕೆಚ್ ಪೆನ್ನು.

"ಆಂಟಿ, ಅಮ್ಮಾ ನೇ ಕಾಲಾ ಟೀಕಾ ಲಗಾಯಾ ಥಾ ನಾ? ಅಮ್ಮ ಇಟ್ಟ ಬೊಟ್ಟೇ ಇದರಲ್ಲಿ ಇಲ್ಲ."

ರತ್ನಾ ಕ್ಯಾಮೆರಾ ತೆಗೆದಳು. ಕಾರ್ಡು ಹುಡುಕಿದಳು, ಫೋನು ಹುಡುಕಿದಳು. ಎಲ್ಲೆಲ್ಲೂ ಬೇರೆ ಮಕ್ಕಳು ನಗುತ್ತಿದ್ದವು. ಆ ದಿನದ್ದು ಒಂದೂ ಉಳಿದಿರಲಿಲ್ಲ. ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

"ಸಿಗಲಿಲ್ಲ ಪುಟ್ಟಿ."

"ಪರವಾಗಿಲ್ಲ, ನಾನೇ ಇಡ್ತೀನಿ. ಕಿಸ್ ಸೈಡ್ ಥಾ, ಯಾವ ಕೆನ್ನೆ? ಅಮ್ಮ ದಿನಾ ಒಂದೊಂದು ಕಡೆ ಇಡ್ತಿದ್ಳು. ಪಪ್ಪಂಗೆ ಗೊತ್ತಿಲ್ಲ. ನೀವು ನೋಡಿದ್ರಲ್ಲ."

ನೋಡದೇ ಏನು? ದೊಡ್ಡದು ಮಾಡಿಕೊಂಡು ನೋಡಿದ್ದಳು, ತನ್ನ ಬೆರಳಿಂದಲೇ ಉಜ್ಜಿ ತೆಗೆದಿದ್ದಳು. ಶ್ರೀಲಕ್ಷ್ಮಿಯ ಬೆರಳು ನೆನಪಾಯಿತು, ಹಸಿರು ಬಳೆ ನೆನಪಾಯಿತು. ಯಾವ ಕೆನ್ನೆ ಅನ್ನುವುದು ಮಾತ್ರ, ಎಷ್ಟು ತಡಕಾಡಿದರೂ ನೆನಪಾಗಲಿಲ್ಲ. ಮಗು ಪೆನ್ನಿನ ಮುಚ್ಚಳ ತೆಗೆದು ಕಾಯುತ್ತಿತ್ತು. ಗೊತ್ತಿಲ್ಲ ಅನ್ನಲು ಅವಳಿಗೆ ಬಾಯಿ ಬರಲಿಲ್ಲ.

"ಈ ಕಡೆ," ಅಂದು ಎಡಗೆನ್ನೆ ತೋರಿಸಿದಳು.

ಚಿನ್ಮಯಿ ನಾಲಿಗೆ ಕಚ್ಚಿಕೊಂಡು, ಉಸಿರು ಬಿಗಿಹಿಡಿದು ಪುಟ್ಟ ಬೊಟ್ಟು ಇಟ್ಟಳು. ಫೋಟೊ ದೂರ ಹಿಡಿದು ನೋಡಿದಳು.

"ಹಾಂ, ಇಲ್ಲೇ. ಈಗ ನೆನಪಾಯ್ತು ಆಂಟಿ," ಅಂದಳು.

ರತ್ನಾ ಹೂಂ ಅಂದಳು.