ಬೆಲ್ಲಕ್ಕೆ ತೂಗಿದ ಮಗು

ಶೇಂಗಾ ಚಟ್ನಿ ಕುಟ್ಟುತ್ತಿದ್ದೆ. ತಂಗಿಯ ಗಂಡ ಬಂದು ಹೊಸ್ತಿಲಲ್ಲೇ ನಿಂತರು.

“ಅಕ್ಕಾರ, ನಿಮ್ಮ ತಂಗಿ ಬವಳಿ ಬಂದು ಬಿದ್ದಾಳ್ರಿ. ಅಕ್ಕಲಕೋಟದಾಗ ಆರಾಮ ಆಗಲಿಲ್ಲ, ಇಲ್ಲೇ ಸೋಲಾಪುರದ ದವಾಖಾನಿಗೆ ತಂದೀನಿ. ಡಾಕ್ಟರ್ ಏನೂ ರೋಗ ಇಲ್ಲ ಅಂತಾರ. ಉಣ್ಣಂಗಿಲ್ಲ, ಉಂಡರ ಹಿತ್ತಲಕ್ಕ ಹೋಗಿ ಕಾರಿಕೊಂಡು ಬರ್ತಾಳ.”

ಸೋಮವಾರ, ಗುರುವಾರ, ಏಕಾದಶಿ ಎಂದು ಅವಳು ಹಿಡಿದ ಉಪವಾಸಗಳನ್ನು ಊರೆಲ್ಲ ಹೊಗಳುತ್ತಿತ್ತು. ನಾನೂ ಉಪವಾಸ ಮಾಡುವವಳೇ. ದೇವರ ಉಪವಾಸಕ್ಕೆ ಪಾರಣೆ ಇರುತ್ತದೆ, ಅವಳದಕ್ಕೆ ಇರಲಿಲ್ಲ.

ಇದು ಎಲ್ಲಿಂದ ಬಂತೆಂದು ನನಗೆ ಗೊತ್ತು. ನಮ್ಮ ತವರಿನದು ದಲಾಲಿ ಮೇಲೆ ಬೆಲ್ಲ ಮಾರಿಕೊಡುವ ಅಡತಿ ಅಂಗಡಿ. ದೀಪಾವಳಿ ಪಾಡ್ಯದಂದು ತಕ್ಕಡಿ ಪೂಜೆಯಾದ ಮೇಲೆ, ಲಕ್ಷ್ಮಿ ಒಲಿಯಲೆಂದು ಮನೆಯ ಸಣ್ಣ ಹುಡುಗಿಯಾದ ತಂಗಿಯನ್ನು ಅದರಲ್ಲಿ ಕೂರಿಸಿ, ಅವಳ ತೂಕದ ಬೆಲ್ಲ ಹಂಚುತ್ತಿದ್ದರು. ತಾಯಿಯಿಲ್ಲದ ನಮ್ಮನ್ನು ಸಾಕಿದ ಸೋದರತ್ತೆ ಹಮಾಲರ ಮುಂದೆ ಕೂಗುತ್ತಿದ್ದಳು: “ಇನ್ನೊಂದು ಪೆಂಟಿ ಬೆಲ್ಲ ಹಾಕ್ರೋ! ಲಕ್ಷ್ಮಿ ಅಲ್ಲ, ಎಮ್ಮಿ ಕುಂತೈತಿ!” ಎಲ್ಲರೂ ನಗುತ್ತಿದ್ದರು. ಊಟಕ್ಕೆ ಕೂತರೆ ತಂಗಿಯ ತಾಟಿನ ಹೋಳಿಗೆಗೆ ಕೈ ಹಾಕಿ, “ಮುಂದಿನ ವರ್ಷರ ನಮ್ಮ ಬೆಲ್ಲ ಉಳೀಲಿ” ಎಂದು ಎತ್ತಿಬಿಡುತ್ತಿದ್ದಳು.

ನಾನು ದವಾಖಾನೆಗೆ ಹೋಗುವಷ್ಟರಲ್ಲಿ ಅವಳಿಗೆ ಹಾಸಿಗೆ ಸಿಕ್ಕಿತ್ತು, ಸಲೈನ್ ಏರಿತ್ತು. ದೇವರು ಅಷ್ಟು ನಡೆಸಿಕೊಟ್ಟಿದ್ದ. ಅಷ್ಟರಲ್ಲಿ ಸುದ್ದಿ ತಿಳಿದು ಸೋದರತ್ತೆ ಬಂದಳು.

“ಅಯ್ಯ, ಎಷ್ಟು ಬಾರೀಕ, ತೆಳ್ಳಗ ಆಗ್ಯಾಳ! ಈಗ ನೋಡು, ಹೆಣ್ಣಿನಂಗ ಕಾಣ್ತಾಳ. ನಡಿಯವ್ವ, ನಾಕು ದಿನ ನನ್ನ ಕಡಿ ಇರು.”

ಕಣ್ಣು ಗುಳಿಬಿದ್ದಿದ್ದ ನನ್ನ ತಂಗಿ ಆ ಮಾತಿಗೆ ನಕ್ಕಳು. ಬಹುಮಾನ ಸಿಕ್ಕವಳಂತೆ ನಕ್ಕಳು. ನನ್ನ ಮೈ ಉರಿದುಹೋಯಿತು.

“ಆಕಿ ನಿಮ್ಮ ಮನಿಗೆ ಬರಂಗಿಲ್ಲ. ಎದ್ದು ಹೋಗ್ರಿ.”

“ಸಣ್ಣಾಕಿದ್ದಾಗ ಚ್ಯಾಷ್ಟಿ ಮಾಡಿದ್ದು ಇನ್ನಾ ಹಿಡ್ಕೊಂಡು ಕುಂತೀಯೇನ?”

“ನಾ ಅಲ್ಲ, ಆಕಿ ಹಿಡ್ಕೊಂಡಾಳ. ಅದಕ್ಕ ಹೊಟ್ಟ್ಯಾಗ ಕೂಳು ನಿಲ್ಲವಲ್ದು.”

“ದಿನಾ ಪೂಜಿ ಮಾಡಾಕಿ ನೀ. ಹಿರ್ಯಾರಿಗೆ ಹಿಂಗ ಮಾತಾಡ್ತಾರೇನ?”

“ದೇವರ ಹೆಸರ ಮ್ಯಾಲೇ ನೀವು ಆಕೀನ್ನ ತೂಗಿದ್ರಿ. ನನ್ನ ಬಾಗಿಲಿಗೂ ಬರಬ್ಯಾಡ್ರಿ.”

ಅತ್ತೆ ಸೆರಗು ಝಾಡಿಸಿಕೊಂಡು ಹೋದಳು. ಈಗಲೂ ನನಗೆ ಅದರ ಪಶ್ಚಾತ್ತಾಪವಿಲ್ಲ.

ದವಾಖಾನೆಯಿಂದ ಬಿಟ್ಟ ಮೇಲೆ ತಂಗಿಯನ್ನು ನನ್ನ ಮನೆಗೇ ಕರೆತಂದೆ. ಮೊದಲ ಸಂಜೆ ಒಂದಿಷ್ಟು ಗಂಜಿ ಕುಡಿದವಳೇ ಹಿತ್ತಲಿಗೆ ಎದ್ದಳು. ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡೆ.

“ಬಿಡ ಅಕ್ಕಾ! ನೀನೂ ಅತ್ತಿಯಂಗ ರಾಕ್ಷಸಿ!” ಎಂದು ಅತ್ತಳು, ಬೈದಳು. ಬೈಯಲಿ. ಗಂಜಿ ಒಳಗೆ ಉಳಿಯಿತು. ಆ ದಿನಕ್ಕೆ ಅಷ್ಟೇ ದೇವರ ಕೃಪೆ.

ಅವಳಿಗೆ ಜೊಂಪು ಹತ್ತಿತು. ಓಣಿಯ ನಳಕ್ಕೆ ನೀರು ಬಂದಿತ್ತು. ಕೊಡ ಎತ್ತಿಕೊಂಡು ಹೋದೆ.