ಕ್ಲೇಟನ್ನಿನ ಕಾರಿನಲ್ಲಿ ಕೂತವರು

ಫೆಲ್ಸಿ ಆಂಟಿ, ವಿದೇಶಾಂಗ ಸಚಿವೆ ವಸುಧಾ ಅವರ ಬಗ್ಗೆ ಎಲ್ಲರೂ ಹೇಳುವ ಆ ಕಾರಿನ ಕಥೆ ಸುಳ್ಳು. ಅವತ್ತು ಮೆಲ್ಬರ್ನಿನ ಕ್ಲೇಟನ್ನಿನಲ್ಲಿ ಕಾರಿನೊಳಗೆ ಕೂತವರು ನೀವು. ನಿಮ್ಮನ್ನು ಇಳಿಸಿ ಅವರನ್ನು ಕೂರಿಸಿದವನು ನಾನು.

ನಿಮಗೆ ಇದು ಗೊತ್ತಿರುವುದೇ. ಆದರೂ ನನ್ನ ಬಾಯಿಂದ ಬರಬೇಕಿತ್ತು — ಇಷ್ಟು ವರ್ಷ ಬರಲಿಲ್ಲ.

ನಮ್ಮ ಹುಡುಗರು ಓದುತ್ತಿದ್ದ ಖಾಸಗಿ ಕಾಲೇಜೊಂದು ಇದ್ದಕ್ಕಿದ್ದಂತೆ ಬಾಗಿಲು ಹಾಕಿತ್ತು. ಓದೂ ಹೋಯಿತು, ಇನ್ನು ವೀಸಾ ಕೂಡ ಹೋಗುತ್ತದೆ ಎಂದು ಹುಡುಗರು ಡೈರೆಕ್ಟರನ ಕಾರಿಗೆ ಮುತ್ತಿಗೆ ಹಾಕಿದ್ದರು. ಯಾರೋ ಬಾನೆಟ್ಟಿಗೆ ಗುದ್ದುತ್ತಿದ್ದರು. ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಸ್ಸಿಗೆ ಹೊರಟಿದ್ದ ನೀವು, ನರ್ಸ್ ಯೂನಿಫಾರ್ಮಿನಲ್ಲೇ ಗುಂಪಿನೊಳಗೆ ನುಗ್ಗಿ, ಬಾಗಿಲು ತೆಗೆಸಿ, ಆ ಮನುಷ್ಯನ ಪಕ್ಕದಲ್ಲಿ ಕೂತು ಕಿಟಕಿಯ ಗಾಜು ಇಳಿಸಿದಿರಿ.

"ಒಬ್ಬೊಬ್ಬರೇ ಬಂದು ಹೇಳಿ ಮಕ್ಕಳೇ. ಇವರು ಎಲ್ಲಿಗೂ ಹೋಗುದಿಲ್ಲ. ನಾನು ಕೂತಿದ್ದೇನಲ್ಲ."

ಕೊನೆಯ ಹುಡುಗನಿಗೂ ಆತ ಉತ್ತರ ಕೊಡುವವರೆಗೆ ನೀವು ಏಳಲಿಲ್ಲ. ಎಲ್ಲರನ್ನೂ ಬೇರೆ ಕಾಲೇಜಿಗೆ ಸೇರಿಸಿಕೊಡಲು ಆತ ಒಪ್ಪಿದ. ವಸುಧಾ ಆಗ ಕಾನ್ಸುಲೇಟಿನ ಕಿರಿಯ ಅಧಿಕಾರಿ. ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡು, ಎಲ್ಲ ಮುಗಿದ ಮೇಲೆ ಬಂದರು — ಪಾಪ, ಓಡುತ್ತಲೇ ಬಂದರು.

ಆ ವರ್ಷ ಮೆಲ್ಬರ್ನಿನ ರಾಜ್ಯೋತ್ಸವಕ್ಕೆ ಅವರೇ ಮುಖ್ಯ ಅತಿಥಿ; ಪರಿಚಯ ಭಾಷಣ ನನ್ನದು. ಅತಿಥಿಗಳನ್ನು ಅಟ್ಟಕ್ಕೇರಿಸದೆ ಮೈಕ್ ಬಿಡುವ ಅಭ್ಯಾಸ ನಮ್ಮ ಸಂಘಗಳಲ್ಲಿ ಇಲ್ಲವಲ್ಲ. ಹೊಗಳಲು ಏನೂ ಸಿಗಲಿಲ್ಲ. ನಿಮ್ಮ ಕಾರು ಸಿಕ್ಕಿತು. ಸಭೆಗೆ ಸಭೆಯೇ ಚಪ್ಪಾಳೆ ತಟ್ಟಿತು. ಎರಡನೇ ಸಾಲಿನಲ್ಲಿ ನೀವೂ ತಟ್ಟಿದಿರಿ.

ಸ್ಟೇಜಿನ ಹಿಂದೆ ವಸುಧಾ ಮೆಲ್ಲಗೆ ಕೇಳಿದರು: "ಕಾರಲ್ಲಿ ಕೂತಿದ್ದು ನಾನಲ್ವಲ್ಲ?"

"ಇರ್ಲಿ ಬಿಡಿ ಮೇಡಂ. ಮೇಲೆ ಹೋಗೋರು ನೀವು."

ಅವರು ಒಮ್ಮೆ ಮೈಕಿನತ್ತ ನೋಡಿದರು. ಹೋಗಿ ಸರಿಪಡಿಸಬಹುದಿತ್ತು — ಹೋಗಲಿಲ್ಲ. ಊಟದ ಸಾಲಿನಲ್ಲಿ ನೀವು ನನ್ನ ತಟ್ಟೆಗೆ ಬಿಸಿಬೇಳೆಬಾತ್ ಬಡಿಸುತ್ತಾ ಹೇಳಿದ್ದು ಇಷ್ಟೇ: "ಚಂದ ಮಾತಾಡ್ತೀರಿ ಮಾರಾಯ್ರೆ."

ವಸುಧಾ ರಾಯಭಾರಿಯಾದರು, ರಾಜೀನಾಮೆ ಕೊಟ್ಟು ಚುನಾವಣೆಗೆ ನಿಂತರು, ಸಚಿವೆಯಾದರು. ಹೋದಲ್ಲೆಲ್ಲ ಅದೇ ಕಾರಿನ ಕಥೆ. ಈಚೆಗೆ ಒಂದು ಸಂದರ್ಶನದಲ್ಲಿ ಅವರೇ ಹೇಳಿದರು: "ಕಾರಿನ ಒಳಗೆ ವಿಪರೀತ ಸೆಕೆ. ಡೈರೆಕ್ಟರ್ ಕೈ ನಡುಗ್ತಾ ಇತ್ತು." ವಿಡಿಯೊ ನಿಲ್ಲಿಸಿ ಮುಖ ನೋಡಿದೆ. ಸುಳ್ಳು ಹೇಳುವವರ ಮುಖವಲ್ಲ. ನಂಬಿಯೇಬಿಟ್ಟಿದ್ದಾರೆಯೇ? ಯಾವಾಗಿನಿಂದ? ಆ ಸೆಕೆ ಅವರಿಗೆ ಎಲ್ಲಿಂದ ಬಂತು — ನನ್ನ ಭಾಷಣದಲ್ಲಂತೂ ಇರಲಿಲ್ಲ. ಮತ್ತೆ ಮತ್ತೆ ಹಾಕಿ ನೋಡುತ್ತೇನೆ. ಅವರನ್ನು ಕೆದಕುತ್ತಾ ಕೂತರೆ ನನ್ನ ತಪ್ಪಿನ ಪಾಲನ್ನು ಮರೆತು ಇರಬಹುದಲ್ಲ, ಅದಕ್ಕೂ ಇರಬೇಕು.

ಕಳೆದ ವಾರ, ನಾವಿಬ್ಬರೂ ಸಿಡ್ನಿಗೆ ಬಂದು ಎಷ್ಟೋ ಕಾಲವಾದ ಮೇಲೆ, ಇಲ್ಲಿನ ಹ್ಯಾರಿಸ್ ಪಾರ್ಕ್ ಬಡಾವಣೆಯ ಸ್ವೀಟ್ ಅಂಗಡಿಯಲ್ಲಿ ನೀವು ಮೊಮ್ಮಗಳ ಜೊತೆ ಸಿಕ್ಕಿದಿರಿ. ಶಾಲೆಯ ಪ್ರಾಜೆಕ್ಟಿಗೆ ಅವಳು ಆರಿಸಿಕೊಂಡಿದ್ದದ್ದು ಸಚಿವೆಯನ್ನೇ. "ಅಂಕಲ್, ವಾಸ್ ಶಿ ರಿಯಲಿ ಇನ್ ದಟ್ ಕಾರ್?" ಎಂದು ಕೇಳಿದಳು. ನೀವು ನನ್ನನ್ನು ನೋಡಿದಿರಿ.

ನಾನು "ಯೆಸ್" ಅಂದೆ.

ಸ್ಟೇಜಿನ ಸುಳ್ಳಿಗೆ ಚಪ್ಪಾಳೆಯ ಆಸೆ ಇತ್ತು. ಇದಕ್ಕೆ — ಏನಿತ್ತು? ನಾಚಿಕೆಯಾಗುತ್ತದೆ. ನೀವು ಮಗುವಿನ ಬಾಯಿ ಒರೆಸಿ, ಕೈ ಹಿಡಿದುಕೊಂಡು ಹೊರಟುಹೋದಿರಿ.

ಮುಂದಿನ ಭಾನುವಾರ ಸಚಿವೆ ಇಲ್ಲೇ ಪ್ಯಾರಮಟ್ಟಾದಲ್ಲಿ ನಮ್ಮ ಸಂಘದ ಸಮಾರಂಭಕ್ಕೆ ಬರುತ್ತಿದ್ದಾರೆ. ಪರಿಚಯ ಭಾಷಣ ಮತ್ತೆ ನನ್ನದೇ. ಕಾರಿನ ಕಥೆಯನ್ನೇ ಹೇಳುತ್ತೇನೆ — ನಡೆದ ಹಾಗೆ, ನಿಮ್ಮ ಹೆಸರು ಹಿಡಿದು. ಆಗ ವಸುಧಾ ಅವರ ಮುಖ ಹೇಗಾಗುತ್ತದೋ ಎಂಬ ಕುತೂಹಲ ಈಗಲೂ ಇದೆ. ಆದರೆ ಅತ್ತ ತಿರುಗುವುದಿಲ್ಲ. ನೀವು ಎಲ್ಲಿ ಕೂತಿದ್ದೀರೋ ಅಲ್ಲಿಗೇ ನೋಡುತ್ತಾ ಹೇಳುತ್ತೇನೆ.

ಮೊಮ್ಮಗಳನ್ನೂ ಕರೆದುಕೊಂಡು ಬನ್ನಿ, ಆಂಟಿ. ಅವಳು ಕೇಳಿದ್ದಕ್ಕೆ ನಾನಿನ್ನೂ ಉತ್ತರ ಕೊಟ್ಟಿಲ್ಲ.