ಉಡಿ ಒಡ್ಡದ ವೈನಿ

ಮೊನ್ನೆ ಕಾಚಿಗೂಡದ ಬಟ್ಟೆ ಅಂಗಡಿಯಲ್ಲಿ ಕುಬಸದ ಖಣ ನೋಡುತ್ತಿದ್ದೆ. ಅಂಗಡಿಯವನು ಮಡಿಕೆ ಬಿಚ್ಚಿದ ಕೂಡಲೇ ಹೊಸ ಬಟ್ಟೆಯ ಗಂಜಿ ವಾಸನೆ ಮೂಗಿಗೆ ಬಡಿಯಿತು. ಏನೂ ಕೊಳ್ಳದೆ ಎದ್ದು ಬಂದುಬಿಟ್ಟೆ. ನಾವು ಅತ್ತಿಗೆ ಎಂಬಂತೆ ವೈನಿ ಎನ್ನುತ್ತಿದ್ದ ಮೇಲಿನ ಮನೆಯವರು ನೆನಪಾಗಿದ್ದರು...

ಅಲ್ಲೇ ಹಿಂದಿನ ಓಣಿಯ ವಠಾರದಲ್ಲಿ ನಾವು ಕೆಳಗೆ, ಅವರು ಮೇಲೆ. ಗದಗಿನ ಕಡೆಯವರು, ಹಿಂದೆ ಮುಂದೆ ಯಾರೂ ಇರಲಿಲ್ಲ. ಮದುವೆಯಾಗಿ ಹೈದರಾಬಾದಿಗೆ ಬಂದವರಿಗೆ ನಮ್ಮ ಅವ್ವನ ಅಡುಗೆಮನೆಯೇ ತವರು. ಗಂಡ ಸರ್ಕಾರಿ ಕಚೇರಿಯ ಸಾಹೇಬರು. ಹೊರಗೆ ತೆಲುಗಿನಲ್ಲೂ ಹಿಂದಿಯಲ್ಲೂ ಜೇನು ಸುರಿಸುವ ಮನುಷ್ಯ. ಮನೆಯೊಳಗೆ ಮಾತ್ರ ಬೆಲ್ಟಿನದೇ ಮಾತು.

ಹೊಡೆತ ತಾಳದಾದಾಗ ವೈನಿ ಮೆಟ್ಟಿಲಿಳಿದು ನಮ್ಮಲ್ಲಿಗೆ ಬರುತ್ತಿದ್ದರು. ಅವ್ವ ಗಾಯಕ್ಕೆ ಅರಿಶಿನ ಹಚ್ಚಿ ಉಣ್ಣಲಿಕ್ಕೆ ಹಾಕುತ್ತಿದ್ದಳು. ಒಂದೆರಡು ದಿನದಲ್ಲಿ ವಠಾರದ ಹೆಂಗಸರು ಸೇರುತ್ತಿದ್ದರು. ತವರಿನಿಂದ ಹೊರಟ ಮಗಳನ್ನು ಬರಿಗೈಲಿ ಕಳಿಸಬಾರದಲ್ಲ! ಸೆರಗು ಒಡ್ಡಿಸಿ, ಅಕ್ಕಿ, ಕೊಬ್ಬರಿ, ಹೊಸ ಖಣ ಹಾಕಿ ಉಡಿ ತುಂಬಿ, ಹಾಡು ಹೇಳಿ, ಅದೇ ಮೆಟ್ಟಿಲು ಹತ್ತಿಸುತ್ತಿದ್ದರು. ಹೀಗೆ ಎಷ್ಟು ಸಲವೋ... ಆ ಖಣಗಳನ್ನು ವೈನಿ ಹೊಲಿಸಿದ್ದನ್ನು ನಾನು ನೋಡಲಿಲ್ಲ.

ಒಮ್ಮೆ ಬಂದಾಗ ಎಡಗಿವಿಯಿಂದ ರಕ್ತ ಸೋರುತ್ತಿತ್ತು. ಆ ಕಿವಿ ಮುಂದೆ ಎಂದೂ ಕೇಳಿಸಲಿಲ್ಲ. ಆಗಲೂ ಹೆಂಗಸರು ತಾಟು ಹಿಡಿದು ಬಂದರು. ವೈನಿ ಸೆರಗನ್ನು ಸೊಂಟಕ್ಕೆ ಬಿಗಿದು ಸಿಕ್ಕಿಸಿಕೊಂಡರು.

"ಈ ಸಲ ಉಡಿ ಒಡ್ಡೂದಿಲ್ರಿ. ನಾ ಪೊಲೀಸ್ ಠಾಣೇಕ ಹೊಂಟೀನಿ."

ಹೆಂಗಸರು ತಾಟು ಹಿಡಿದೇ ಹಿಂದಕ್ಕೆ ಸರಿದರು. ಅವ್ವ ಚಪ್ಪಲಿ ಮೆಟ್ಟಿ ಅವರ ಜೊತೆ ಹೊರಟಳು.

ಕೇಸು ವರ್ಷಗಟ್ಟಲೆ ಎಳೆಯಿತು. ಸಾಹೇಬರ ವಕೀಲ ನಮ್ಮ ಪದ್ಧತಿಯನ್ನೇ ಹಿಡಿದುಕೊಂಡ. ಹೊಡೆಯುವ ಗಂಡನ ಮನೆಗೆ ಯಾರಾದರೂ ಉಡಿ ತುಂಬಿ ಕಳಿಸುತ್ತಾರೆಯೇ ಎಂದು ಕೇಳಿದ. ಹಾಡು ಹೇಳಿದ್ದ ಹೆಂಗಸರೇ ಬಂದು, ಆಕೆ ನಗುನಗುತ್ತ ಹೋಗುತ್ತಿದ್ದಳು ಎಂದರು. ಕೊನೆಗೆ ಅವ್ವನ ಸರದಿ. ಹೊರಗೆಲ್ಲ ತೆಲುಗು ಆಡುತ್ತಿದ್ದ ಅವ್ವನಿಗೆ ಅಂದು ಕನ್ನಡವೇ ಬಾಯಿಗೆ ಬಂತು.

"ಉಡಿ ತುಂಬಿದ್ದು ಖರೇರಿ. ಬೆನ್ನ ಮ್ಯಾಲಿನ ಬಾಸುಂಡಿ ನೋಡಿಕೋತನ ತುಂಬೀವಿ. ಹಂಗ ಕಳಸಬಾರದಿತ್ತು."

ಸಾಹೇಬರಿಗೆ ಶಿಕ್ಷೆಯಾಯಿತು. ಅಪೀಲು ಹಾಕಿ, ಜಾಮೀನು ಪಡೆದು ಹೊರಗೆ ಬಂದರು. ಅವ್ವನನ್ನು ಆಮೇಲೆ ವಠಾರದ ಯಾರೂ ಅರಿಶಿನ ಕುಂಕುಮಕ್ಕೆ ಕರೆಯಲಿಲ್ಲ. ವೈನಿ ಶಂಶಾಬಾದ್ ಕಡೆ ಕೋಣೆ ಹಿಡಿದು, ಒಂದು ಕ್ಯಾಂಟೀನಿನಲ್ಲಿ ಚಪಾತಿ ಲಟ್ಟಿಸುತ್ತ ಬದುಕಿದರು. ನಾನು ಹೋದಾಗಲೆಲ್ಲ ಬಲಗಿವಿ ಮುಂದೆ ಮಾಡಿ, "ಅಪೀಲಿಂದು ಏನರ ಆತೇನವಾ?" ಎಂದು ಕೇಳುತ್ತಿದ್ದರು. ಇನ್ನೂ ಇಲ್ಲ ಎನ್ನುತ್ತಿದ್ದೆ. ಹೋದ ವರ್ಷ ಜ್ವರ ಬಂದು ತೀರಿಕೊಂಡರು.

ಈ ವಾರ ಆ ಅಪೀಲು ವಿಚಾರಣೆಗೆ ಬಂತು. ನಾನು ಹೋಗಿ ಹಿಂದೆ ಕುಳಿತೆ. ಸಾಹೇಬರು ಮುದುಕರಾಗಿದ್ದಾರೆ. ಯಾರೋ ಎದ್ದು ಅವರಿಗೆ ಕುರ್ಚಿ ಬಿಟ್ಟುಕೊಟ್ಟರು. ವಯಸ್ಸಾಗಿದೆ, ಹೆಂಡತಿಯೂ ತೀರಿಕೊಂಡಳು, ನೋಡಿಕೊಳ್ಳುವವರಿಲ್ಲ, ಕನಿಕರ ತೋರಬೇಕು ಎಂದು ಅವರ ವಕೀಲರು ಕೇಳಿಕೊಂಡರು. ನ್ಯಾಯಾಧೀಶರು ಮುಂದಿನ ತಾರೀಖು ಕೊಟ್ಟರು.

ಮನೆಗೆ ಬಂದು ಅವ್ವನಿಗೆ ಎಲ್ಲ ಹೇಳಿದೆ. ಅವ್ವ ಕಣ್ಣೊರೆಸಿಕೊಂಡು ಅಂದಳು:

"ಸತ್ತರೂ ಆಕೀನ್ನ ಬಿಡವಲ್ಲ ನೋಡು ಅಂವಾ."